ಮಾಸ್ತರರ ಗೆರೆ ತಿದ್ದಿದ್ದು

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುದ್ದೇಬಿಹಾಳದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಒಂದು ದಿನ ನಾಲತವಾಡದಿಂದ ನನ್ನ ಡ್ರಾಯಿಂಗ್ ಮಾಸ್ತರರು ಬಂದರು. ಸಾಲಿಯಲ್ಲಿ ನನ್ನ ಕೈಗೆ ಮೊದಲು ಬ್ರಷ್ ಕೊಟ್ಟವರು. ನಿವೃತ್ತರಾಗಿ ಬಹಳ ದಿನವಾಗಿತ್ತು. ಮಕ್ಕಳ ಪುಸ್ತಕವೊಂದಕ್ಕೆ ಹನ್ನೆರಡು ಚಿತ್ರ ಬರೆದು ತಂದಿದ್ದರು, ಬರೀ ಕಪ್ಪು ಗೆರೆ.

"ಬಣ್ಣ ನೀನ ತುಂಬಬೇಕು ತಂಗಿ. ನನ್ನ ಕೈ ಈಗ ಮಾತು ಕೇಳೂದಿಲ್ಲ."

ಸ್ಕ್ಯಾನ್ ಮಾಡಿ ಹಾಳೆ ಅವರಿಗೇ ಕೊಟ್ಟೆ. ಪರದೆಯ ಮೇಲೆ ಆಡಿನ ಮೈಗೆ ಕಂದು ಬಣ್ಣ ಸುರಿದರೆ ಚಿತ್ರವೆಲ್ಲ ಕಂದಾಯಿತು. ಗೆರೆ ಅಲ್ಲಲ್ಲಿ ಕಡಿದಿತ್ತು; ಆ ಸಂದಿಯಿಂದ ಬಣ್ಣ ಹೊರಗೆ ಹರಿಯುತ್ತಿತ್ತು. ದೊಡ್ಡದು ಮಾಡಿ ನೋಡುತ್ತ ಒಂದೊಂದೇ ಸಂದಿ ಮುಚ್ಚಿದೆ. ಅಂಚಿನಲ್ಲಿ ಬಿಳಿ ಚುಕ್ಕೆ ಉಳಿಯದಂತೆ ಗೆರೆಯನ್ನು ಮೇಲಿನ ಲೇಯರಿನಲ್ಲಿ, ಅಂದರೆ ಪದರದಲ್ಲಿ, ಇಟ್ಟು ಕೆಳಗಿನ ಲೇಯರಿನಲ್ಲಿ ಬಣ್ಣವನ್ನು ಗೆರೆಯ ಅಡಿಯವರೆಗೆ ಸರಿಸುವುದನ್ನು ಕಲಿತೆ. ಕರೆಂಟ್ ಹೋಗಿ ಎರಡು ಚಿತ್ರ ಮೊದಲಿನಿಂದ ಮಾಡಬೇಕಾಯಿತು.

ಕೆಲಸ ಕೈಗೆ ಹತ್ತಿದಂತೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಅಲುಗಿದ ಗೆರೆಗಳನ್ನೆಲ್ಲ ಅಳಿಸಿ ನಾನೇ ನಯವಾಗಿ ಎಳೆದೆ. ಎತ್ತಿನ ಕೊಂಬು, ರೊಟ್ಟಿ ಬಡಿಯುವ ಮುದುಕಿಯ ಬೆರಳು. ಮಾಸ್ತರರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಅವರು ಬಂದು ಚಷ್ಮಾ ಹಾಕಿಕೊಂಡು ಹನ್ನೆರಡನ್ನೂ ನೋಡಿದರು.

"ಭಾಳ ಸ್ವಚ್ಛ ಆಗ್ಯಾವ. ಯಾರು ಬರದಾರ ಇವನ್ನ?"

"ನೀವ ಬರದದ್ದರಿ ಸರ್."

"ಇಲ್ಲ ತಂಗಿ. ಈ ಮುದುಕಿ ನಮ್ಮವ್ವ. ಆಕಿ ಬೆರಳು ಹಿಂಗಿರಲಿಲ್ಲ. ಸೊಟ್ಟ ಇದ್ದುವು. ನಾ ಹಂಗ ಬರದಿದ್ದೆ."

ಯಾವುದು ನಡುಕ, ಯಾವುದು ಬೇಕೆಂದೇ ಎಳೆದದ್ದು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಲಿನ ಸ್ಕ್ಯಾನೂ ಇರಲಿಲ್ಲ. ಅದೇ ಫೈಲಿನ ಮೇಲೆ ಸೇವ್ ಮಾಡುತ್ತ ಹೋಗಿದ್ದೆ.

"ಹಾಳಿ ಕೊಡ್ರಿ ಸರ್, ಮತ್ತ ಮಾಡ್ತೇನಿ."

"ಬ್ಯಾಡ. ಪುಸ್ತಕದವರಿಗೆ ಇವ ಛಲೋ ಅನಸ್ತಾವ. ನನ್ನ ಹೆಸರು ಮಾತ್ರ ಹಾಕಬ್ಯಾಡ."

ಪುಸ್ತಕ ಹಾಗೆಯೇ ಅಚ್ಚಾಯಿತು. ಹಾಳೆ ಕೇಳಲು ಎರಡು ಸಲ ನಾಲತವಾಡಕ್ಕೆ ಹೋದೆ. ಚಹಾ ಕೊಟ್ಟರು, ನನ್ನ ಮನೆಯವರನ್ನೆಲ್ಲ ವಿಚಾರಿಸಿದರು, ಹಾಳೆಯ ಮಾತು ಬಂದರೆ ಬೇರೆ ಮಾತು ತೆಗೆದರು. ಮೂರನೆಯ ಸಲ ಹೋದಾಗ ಅವರು ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿಯನ್ನು ಕೇಳಿದೆ.

"ಅವನ್ನ ಒಲಿಗೆ ಹಾಕಿದ್ರವಾ. ನಿಮ್ಮ ಅಂಗಡ್ಯಾಗ ಬಣ್ಣದ ಚಿತ್ರ ನೋಡಿ ಬಂದ ದಿನಾನ."

ಅವರ ತಾಯಿಯ ಫೋಟೋ ಏನಾದರೂ ಐತೇನ್ರಿ ಎಂದು ಕೇಳಿದೆ. ಇರಲಿಲ್ಲ.