ಶಂಖವಲ್ಲ, ಸಂಕ

ಮಕ್ಕಳೇ, ಶಾಲೆಗೆ ಹೋಗುವಾಗ ನೀವು ಧಡಧಡ ಸದ್ದು ಮಾಡಿಕೊಂಡು ದಾಟುವ ಕಬ್ಬಿಣದ ಸಂಕ ಬಂದದ್ದು ಒಂದು ಹಳೆಯ ನಕ್ಷೆಯಿಂದ. ಈ ಅಜ್ಜಿಗೆ ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳಕ್ಕೆ ಅಡ್ಡಲಾಗಿ ಎರಡು ದಿಮ್ಮಿ ಹಾಕುತ್ತಿದ್ದರು. ಅವರು ತೀರಿಕೊಂಡ ವರ್ಷದ ನೆರೆಯಲ್ಲಿ ಅವು ಕೊಚ್ಚಿಹೋದವು. ಮತ್ತೆ ಯಾರೂ ಹಾಕಲಿಲ್ಲ. ದಾರಿಯ ತುಂಬ ಲಂಟಾನದ ಮುಳ್ಳುಪೊದೆ ಬೆಳೆಯಿತು. ಪಕ್ಕದ ಎಸ್ಟೇಟಿನವರು ಅಲ್ಲಿ ಬೇಲಿ ಹಾಕಲು ಕಂಬ ತಂದಿಳಿಸಿದರು. ಬೇಲಿ ಹಾಕಿಬಿಟ್ಟರೆ ಆ ದಾರಿ ಶಾಶ್ವತವಾಗಿ ಮುಚ್ಚಿದಂತೆ. ನೀವು ಟಾರು ರಸ್ತೆ ಸುತ್ತಿಕೊಂಡು ಮೂರು ಮೈಲಿ ನಡೆಯಬೇಕಾಗುತ್ತಿತ್ತು.

ಅದೇ ಹೊತ್ತಿಗೆ ಹೊಸ ನಕ್ಷೆ ಮಾಡಲು ಬಯಲುಸೀಮೆಯ ಹುಡುಗಿಯೊಬ್ಬಳು ಸರ್ವೆಗೆ ಬಂದಳು. ಬ್ರಿಟಿಷರ ಕಾಲದ ನಕ್ಷೆಯ ಪ್ರತಿಯನ್ನು ನಮ್ಮ ಜಗಲಿಯ ಮೇಲೆ ಹರಡಿದಳು. ಗುಡ್ಡಗಳೆಲ್ಲ ಹೆಬ್ಬೆಟ್ಟಿನ ಗುರುತಿನ ಹಾಗೆ ಸುತ್ತು ಸುತ್ತು ಗೆರೆ. ಹಳ್ಳದ ಹತ್ತಿರ ಚುಕ್ಕಿಗಳ ದಾರಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಪದ.

"ಶಂಖ ಅಂತ ಇದೆ. ಇಲ್ಲಿ ಗುಡಿ ಏನಾದ್ರೂ ಇತ್ತಾ?" ಎಂದು ಕೇಳಿದಳು.

ಅವಳ ಜೊತೆ ಬಂದಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನಕ್ಕರು. "ಈ ಕಾಡಲ್ಲಿ ಶಂಖ ಊದೋರು ಯಾರಿದಾರೆ ಮೇಡಂ? ಗುಡಿನೂ ಇಲ್ಲ, ದಾರಿನೂ ಇಲ್ಲ. ಬಿಟ್ಬಿಡಿ."

ನಾನು ಕಾಫಿ ಲೋಟ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಹೊರಗಿನವರ ಜೊತೆ ಮಾತೆಲ್ಲ ನಿಮ್ಮ ಅಜ್ಜನದೇ ಆಗಿತ್ತು. ಆ ದಾರಿಯನ್ನು ಹೊಡೆದುಹಾಕಲು ಅವಳು ಪೆನ್ನು ಎತ್ತಿದ್ದನ್ನು ಕಂಡು ತಡೆಯಲಾಗಲಿಲ್ಲ.

"ಅದು ಶಂಖ ಅಲ್ಲ. ಸಂಕ."

"ಅರೆ, ಅಮ್ಮನೋರಿಗೆ ಮಾತೂ ಬರುತ್ತೆ!" ಎಂದರು ರೈಟರು.

"ಸಂಕ ಅಂದ್ರೇನಜ್ಜಿ?" ಎಂದಳು ಹುಡುಗಿ.

"ಹಳ್ಳ ದಾಟಕ್ಕೆ ಮರ ಹಾಕ್ತಾರಲ್ಲ, ಅದು."

"ನಮ್ಮೂರ ಹಳ್ಳದಲ್ಲಿ ನೀರೇ ಇರಲ್ಲ. ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಅವಳೂ ನಕ್ಕಳು.

ಲೋಟ ಇಟ್ಟು ಕತ್ತಿ ತೆಗೆದುಕೊಂಡೆ. ಲಂಟಾನ ಸವರುತ್ತ ಮುಂದೆ ನಡೆದೆ. ಇಬ್ಬರೂ ಹಿಂದೆ ಬಂದರು. ದಡದ ಬಂಡೆಯ ಪಾಚಿ ಕೆರೆದಾಗ ದಿಮ್ಮಿಯ ತುದಿ ಕೂರಿಸಲು ಕಡೆದ ಎರಡು ಗುಳಿಗಳು ಸಿಕ್ಕವು. ಎದುರು ದಡದಲ್ಲೂ ಹಾಗೇ ಎರಡು. ಹುಡುಗಿ ಫೋಟೋ ತೆಗೆದು, ಅಲ್ಲೇ ನಿಂತು ದಾರಿಯನ್ನು ಗುರುತು ಹಾಕಿಕೊಂಡಳು.

ರೈಟರು ಬೆವರು ಒರೆಸಿಕೊಂಡು, "ಆಯ್ತಮ್ಮ, ಸೋತೆ. ಆ ಕಾಫಿನಾದ್ರೂ ಕೊಡಿ" ಎಂದರು. ಅದು ತಣ್ಣಗಾಗಿತ್ತು. ಬಿಸಿ ಮಾಡಿ ಕೊಟ್ಟೆ.

ಹೊಸ ನಕ್ಷೆಯಲ್ಲಿ ದಾರಿ ಬಂದ ಮೇಲೆ ಬೇಲಿಯಲ್ಲಿ ಅಷ್ಟಗಲ ಜಾಗ ಬಿಟ್ಟರು. ಮರು ವರ್ಷ ಪಂಚಾಯ್ತಿಯವರು ಕಬ್ಬಿಣದ ಸಂಕ ಹಾಕಿದರು, ಅದೇ ಬಂಡೆಗಳ ಮೇಲೆ. ನಾಳೆ ದಾಟುವಾಗ ಒಮ್ಮೆ ಬಗ್ಗಿ ನೋಡಿ. ಅಜ್ಜ ದಿಮ್ಮಿ ಕೂರಿಸುತ್ತಿದ್ದ ಗುಳಿಗಳು ಕಾಣುತ್ತವೆ. ಕಂಬಿ ಮಾತ್ರ ಬಿಡಬೇಡಿ.