ಪಾವಗಡದಲ್ಲಿ ರೇಡಿಯೋ ಕೇಳುಗರ ಕೂಟ

ಆ ಬುಧವಾರ ಕೊರಟಗೆರೆಯ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ತೂಗುವ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದೆ. ನನ್ನ ಹೆಂಡತಿ ಸುಮಿತ್ರ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಗೂಡಿನಲ್ಲಿದ್ದ ಟ್ರಾನ್ಸಿಸ್ಟರಿನಲ್ಲಿ ಕೇಳುಗರು ಕೋರಿದ ಚಿತ್ರಗೀತೆಗಳು ಬರುತ್ತಿದ್ದವು. ಪ್ರತಿ ಹಾಡಿಗೂ ಮೊದಲು ಕೋರಿದವರ ಊರು, ಹೆಸರು ಓದುತ್ತಿದ್ದರು. ‘ಕೊರಟಗೆರೆಯ ಸುಮಿತ್ರ’ ಎಂದೂ ಬಂತು.

“ಕೇಳಿದ್ರಾ?” ಅಂದಳು.

“ಕೇಳ್ದೆ. ಸಾರಿಗೆ ಉಪ್ಪು ಹಾಕಿದೀಯಾ ಇವತ್ತಾದ್ರೂ?” ಅಂದೆ. ಅವಳು ನಕ್ಕಳು.

ಮರುದಿನ ಬೆಳಗ್ಗೆ ನೀರು ಸೇದಲು ಹೋದವಳು ಬಾವಿಕಟ್ಟೆಯ ಹತ್ತಿರ ಕುಸಿದಳು. ಮಧುಗಿರಿಯ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ತಿಥಿ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ರೇಡಿಯೋ ಹಾಕಿದೆ. ‘ಸಿರಾದ ನೂರ್ ಅಹಮದ್, ಕೊರಟಗೆರೆಯ ಸುಮಿತ್ರ’ ಎಂದು ಓದಿದರು. ಅವಳು ಮೊದಲೇ ಹಾಕಿದ್ದ ಕಾರ್ಡು ಇರಬೇಕು ಅಂದುಕೊಂಡೆ. ಆದರೆ ಸಂಕ್ರಾಂತಿ ಕಳೆಯಿತು, ಯುಗಾದಿ ಕಳೆಯಿತು, ಹೆಸರು ಬರುವುದು ನಿಲ್ಲಲಿಲ್ಲ. ಹೆಚ್ಚಾಗಿ ಆ ನೂರ್ ಅಹಮದನ ಹೆಸರಿನ ಪಕ್ಕದಲ್ಲೇ ಬರುತ್ತಿತ್ತು. ಸತ್ತವಳ ಹೆಸರಿನಲ್ಲಿ ಯಾರೋ ಕಾರ್ಡು ಬರೆಯುತ್ತಿದ್ದಾರೆ. ಯಾಕೆ? ಅವನಿಗೂ ಇವಳಿಗೂ ಏನು? ರಾತ್ರಿ ಮಲಗಿದರೆ ಇದೇ ಯೋಚನೆ. ಆಷಾಢದಲ್ಲಿ ಸುಮಿತ್ರಳ ಹೆಸರಿಗೇ ಒಂದು ಆಹ್ವಾನ ಬಂತು. ಭಾನುವಾರ ಪಾವಗಡದ ಛತ್ರದಲ್ಲಿ ಕೋರಿಕೆ ಕೇಳುಗರ ಕೂಟ, ಊಟ ಅಲ್ಲಿಯೇ. ಯಾರಿಗೂ ಹೇಳದೆ ನಾನು ಹೊರಟೆ.

ಬೆಳಗಿನ ಬಸ್ಸಿಗೆ ಮಧುಗಿರಿ ಮುಟ್ಟಿದಾಗ ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಪಾವಗಡದ ಬಸ್ಸು ಹತ್ತಿದೆ. ಟಿಕೆಟ್ಟು ಆರು ರೂಪಾಯಿ. ಹೊರಡುವ ಹೊತ್ತಿಗೆ ಐವತ್ತರ ಹತ್ತಿರದ ಒಬ್ಬರು ಓಡಿಬಂದು ನನ್ನ ಪಕ್ಕ ಕೂತರು. ಟರ್ಕಿ ಟವೆಲಿನಲ್ಲಿ ಸುತ್ತಿದ ಟ್ರಾನ್ಸಿಸ್ಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು.

“ಸ್ವಲ್ಪ ಸರೀರಿ ಭಾಯ್. ಇದಕ್ಕೆ ಪೆಟ್ಟು ಬಿದ್ರೆ ನಮ್ದು ಜೀವ ಹೋಗ್ತದೆ,” ಎಂದರು. ಸಿರಾದಲ್ಲಿ ಬಳೆ ಅಂಗಡಿಯಂತೆ. ಹಿಂದಿನ ದಿನ ಮಧುಗಿರಿಯ ಬೀಗರ ಮನೆಗೆ ಬಂದಿದ್ದರಂತೆ. ಹೆಸರು ಕೇಳುವ ಮೊದಲೇ ನನಗೆ ಅನುಮಾನ ಬಂತು. ಕೇಳಿದೆ. ಅವರೇ ನೂರ್ ಅಹಮದ್.

“ನಿಮ್ದು ಯಾವೂರು?”

“ಕೊರಟಗೆರೆ,” ಅಂದುಬಿಟ್ಟೆ.

“ಅರೆ! ಅಲ್ಲಿ ನಮ್ಮ ಸುಮಿತ್ರಮ್ಮ ಅವ್ರೆ. ಗೊತ್ತಾ ನಿಮಗೆ?”

‘ನಮ್ಮ’ ಎಂಬ ಆ ಮಾತು ಎದೆಗೆ ನಾಟಿತು. “ಗೊತ್ತಿಲ್ಲ,” ಅಂದೆ.

“ಗೊತ್ತಿಲ್ವಾ? ರೇಡಿಯೋದಾಗೆ ವಾರ ವಾರ ಕೇಳ್ತದಲ್ಲ? ಏನ್ ಊರ್ನೋರ್ರೀ ನೀವು!” ಎಂದು ನಕ್ಕರು. ಆಮೇಲೆ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮಿಡಿಗೇಶಿ ದಾಟಿದ ಮೇಲೆ ಗಾಳಿ ಜೋರಾಯಿತು, ಬಸ್ಸಿನೊಳಗೆ ಕೆಂಪು ಧೂಳು. ಕಂಡಕ್ಟರನ ಮಾತು ನಿಧಾನಕ್ಕೆ ತೆಲುಗಿಗೆ ಹೊರಳಿತು. ಪಕ್ಕದವರು ಕಡಲೆಕಾಯಿ ಕೊಟ್ಟರೂ ನಾನು ಮುಟ್ಟಲಿಲ್ಲ.

ಛತ್ರದಲ್ಲಿ ಸುಮಾರು ನಲವತ್ತು ಮಂದಿ ಸೇರಿದ್ದರು. ಗೋಡೆಯ ಪಕ್ಕದ ಮೇಜಿನ ಮೇಲೆ ಅವರವರು ತಂದ ಟ್ರಾನ್ಸಿಸ್ಟರುಗಳನ್ನು ಸಾಲಾಗಿ ಇಟ್ಟು ಕನಕಾಂಬರ ಮುಡಿಸಿದ್ದರು. ಬಂದವರ ಎದೆಗೆ ಹೆಸರಿನ ಚೀಟಿ ಚುಚ್ಚುತ್ತಿದ್ದರು. “ನಾನು ಸುಮ್ನೆ ನೋಡಕ್ಕೆ ಬಂದೋನು,” ಎಂದು ಹಿಂದಿನ ಕಂಬಕ್ಕೆ ಒರಗಿದೆ. ಇಷ್ಟು ಜನರನ್ನು ಸೇರಿಸಿ ಊಟ ಹಾಕುವವರಿಗೆ ಏನಾದರೂ ಲಾಭ ಇರಲೇಬೇಕು ಎಂದುಕೊಂಡು ಚಂದಾ ಡಬ್ಬಿ ಎಲ್ಲಿದೆ ಎಂದು ಹುಡುಕಿದೆ. ಕಾಣಲಿಲ್ಲ.

ಪುರವರದ ಒಬ್ಬ ಟೈಲರು ಹಿತ್ತಾಳೆ ಲೋಟವನ್ನೇ ಮೈಕು ಮಾಡಿಕೊಂಡು, ರೇಡಿಯೋದವರ ದನಿಯಲ್ಲೇ ಹೆಸರುಗಳನ್ನು ಕೂಗತೊಡಗಿದ. ಕೂಗಿದವರು ಎದ್ದು ನಿಲ್ಲಬೇಕು. ವರ್ಷಗಟ್ಟಲೆ ಹೆಸರು ಮಾತ್ರ ಕೇಳಿದ್ದವರು ಮುಖ ನೋಡುತ್ತಿದ್ದುದು ಅಂದೇ ಮೊದಲು.

“ವಳ್ಳೂರಿನ ಓಬಳೇಶ!”

“ನೀನೇನ್ಲಾ ಓಬಳೇಶ? ರೇಡಿಯೋದಾಗೆ ಇಷ್ಟ್ ಕುಳ್ಳ ಅಂತ ಗೊತ್ತೇ ಆಗ್ಲಿಲ್ವಲ್ಲೋ!” ಎಂದು ಮುಂದೆ ಕೂತಿದ್ದ ಹೆಂಗಸು ಕೂಗಿದಳು.

“ನೀನು ಇಷ್ಟ್ ಗಟ್ಟಿಗಿತ್ತಿ ಅಂತ್ಲೂ ಗೊತ್ತಾಗ್ಲಿಲ್ಲ ಬುಡಕ್ಕ!”

ಛತ್ರವೆಲ್ಲ ನಕ್ಕಿತು. ಆ ಹೆಂಗಸು ಪಾವಗಡದ ರತ್ನಮ್ಮ. ಕೂಟ ಕರೆದವಳೂ ಅವಳೇ. ಬಸ್ ಸ್ಟ್ಯಾಂಡಿನ ಹಿಂದೆ ಊಟದ ಮನೆ ನಡೆಸುತ್ತಿದ್ದಳು. ಆ ಹೊತ್ತಿಗೇ ಟೈಲರು ಕೂಗಿದ: “ಕೊರಟಗೆರೆಯ ಸುಮಿತ್ರ!”

ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದ.

“ಆಯಮ್ಮ ಎಲ್ಲಿ ಬರ್ತದಪ್ಪ,” ಎಂದಳು ರತ್ನಮ್ಮ. “ಅವರೆಕಾಯಿ ಕಾಲದಿಂದ ನಮಗ್ಯಾರಿಗೂ ಒಂದು ಕಾರ್ಡು ಬರೆದಿಲ್ಲ. ಗಂಡ ಬರೀಬ್ಯಾಡ ಅಂದವ್ನೆ ಅಂತ ಕಾಣ್ತದೆ. ಇರ್ಲಿ ಬುಡು, ಎಷ್ಟು ದಿನ ಅಂತಾನೆ? ಹೆಸ್ರು ಬಿಟ್ಟೋಗಬಾರ್ದು ಅಂತ ನಮ್ ಕಾರ್ಡ್‌ನಾಗೆ ನಾವೇ ಬರೀತಿದೀವಿ.”

“ನಾನೂ ಬರೀತೀನಿ. ನಾನು ಕಾಮಾಲೆಯಿಂದ ಮೂರು ತಿಂಗಳು ಮಲಗಿದ್ದಾಗ ಆಯಮ್ಮ ನನ್ ಹೆಸ್ರು ಬರೆದಿರ್ಲಿಲ್ವಾ?” ಎಂದರು ನೂರ್ ಅಹಮದ್.

ನಾನು ಕಂಬ ಬಿಟ್ಟು ಮುಂದೆ ಬಂದೆ. “ನಾನೇ ಅವಳ ಗಂಡ,” ಅಂದೆ.

ನೂರ್ ಅಹಮದ್ ತಟ್ಟನೆ ತಿರುಗಿದರು. “ಬಸ್ಸಿನಾಗೆ ಗೊತ್ತಿಲ್ಲ ಅಂದ್ರಿ?”

“ಏಮಯ್ಯಾ,” ಎಂದು ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಅಲ್ಲಿ ಹಂಗೆ, ಇಲ್ಲಿ ಹಿಂಗೆ. ಗಂಡ ಅಂತ ನಾವೆಂಗೆ ನಂಬಾದು? ಆಯಮ್ಮಂಗೆ ಯಾವ ಹಾಡು ಇಷ್ಟ, ಹೇಳು ನೋಡಾನ.”

ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು ಎಂದು ಅವರ ಮುಖದಲ್ಲೇ ಕಂಡಿತು. ನನಗೆ ಗೊತ್ತಿರಲಿಲ್ಲ.

“ಹಾಡು ಗೊತ್ತಿಲ್ಲಮ್ಮ,” ಅಂದೆ. “ಹೆಸರು ಓದಿದಾಗ ಮಾತ್ರ ಎದ್ದು ಸೆರಗು ಸರಿಮಾಡ್ಕೊಳ್ಳೋಳು. ಯಾರೋ ನೋಡ್ತಾವ್ರೆ ಅನ್ನೋ ಹಂಗೆ. ಅವಳು ಹೋಗಿ ಏಳು ತಿಂಗಳಾಯ್ತು. ತೀರ್ಕೊಂಡ್ಳು.”

ಟೈಲರು ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟ. “ಅಯ್ಯೋ ದೇವುಡಾ,” ಎಂದು ರತ್ನಮ್ಮ ಕೂತುಬಿಟ್ಟಳು. “ವಾರ ವಾರ ನಾವು ಆ ಹೆಸ್ರು ಕಳಿಸ್ತಿದ್ವಲ್ಲಪ್ಪ. ಕೇಳ್ತಾ ನಿನಗೆ ಹೆಂಗಾಗಿರ್ಬ್ಯಾಡ!”

“ಅದನ್ನ ನಿಲ್ಲಿಸಿ ಅಂತ ಹೇಳಕ್ಕೇ ಬಂದೆ,” ಅಂದೆ. “ಆಗ್ಲಪ್ಪ, ನಿಲ್ಲಿಸ್ತೀವಿ,” ಎಂದಳು ರತ್ನಮ್ಮ.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು, ಪಾಯಸ ಬಡಿಸಿದರು. ನೂರ್ ಅಹಮದ್ ಪಕ್ಕದಲ್ಲೇ ಕೂತಿದ್ದರು. ಅವರ ಮುಖವನ್ನು ಕದ್ದು ಕದ್ದು ನೋಡಿದೆ. ಮುಚ್ಚಿಟ್ಟದ್ದು ಏನಾದರೂ ಇದೆಯೇ ಎಂದು ಆಗಲೂ ಹುಡುಕುತ್ತಿದ್ದೆ. ಅವರು ಪಾಯಸದ ಲೋಟ ಹಾಗೇ ಬಿಟ್ಟು ಎದ್ದರು.

ಸಂಜೆ ಬಸ್ ಸ್ಟ್ಯಾಂಡಿಗೂ ಜೊತೆಗೆ ಬಂದರು. “ನಿಮ್ ಹೆಸ್ರು ಬರೀಲಾ ಭಾಯ್, ಆ ಜಾಗದಾಗೆ?” ಎಂದು ಕೇಳಿದರು. ಬೇಡ ಅಂದೆ. ಅವರು ಬಲವಂತ ಮಾಡಲಿಲ್ಲ. ಬಸ್ಸು ಹೊರಟು ತಿರುವು ದಾಟುವಾಗ ಹಿಂದೆ ನೋಡಿದೆ. ಧೂಳಿನಲ್ಲಿ ಪಾವಗಡದ ಬೆಟ್ಟ ಕಾಣುತ್ತಿತ್ತು, ಕೆಳಗೆ ಟವೆಲು ಸುತ್ತಿದ ರೇಡಿಯೋ ಹಿಡಿದು ಅವರು ಇನ್ನೂ ನಿಂತಿದ್ದರು.

ಕಾರ್ಡುಗಳು ಮೊದಲೇ ಹೋಗಿದ್ದರಿಂದ ಎರಡು ಮೂರು ವಾರ ಹೆಸರು ಬಂತು. ಆಮೇಲೆ ಒಂದು ಬುಧವಾರ ಸಿರಾದವರನ್ನು ಓದಿದರು, ಪಾವಗಡದವರನ್ನು ಓದಿದರು, ವಳ್ಳೂರು, ಪುರವರ ಎಲ್ಲವೂ ಬಂದವು. ನಾನು ಹಾಡು ಶುರುವಾಗುವ ತನಕ ಕಾದೆ. ಕೊರಟಗೆರೆಯಿಂದ ಯಾರೂ ಇರಲಿಲ್ಲ.