ಸಮುದ್ರಕ್ಕೆಂದು ನೇಯಿಸಿದ ಸೀರೆ

ನಮ್ಮ ಅಕ್ಕ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಬನಹಟ್ಟಿಯ ಆ ಮನೆಗೆ ಸೊಸೆಯಾಗಿ ಹೋದಾಗಿನಿಂದ ಹಿತ್ತಿಲ ಶೆಡ್ಡಿನಲ್ಲಿ ಮಗ್ಗಗಳು ಖಟಪಟ ಅನ್ನುತ್ತಲೇ ಇವೆ, ಅಕ್ಕ ಅವುಗಳ ನಡುವೆ ಓಡಾಡುತ್ತಲೇ ಇದ್ದಾಳೆ. ನೂಲು ಹರಿದರೆ ಅಕ್ಕ, ಲಾಳಿಯೊಳಗಿನ ಕಂಡಿಕೆ ಮುಗಿದರೆ ಅಕ್ಕ, ಕರೆಂಟು ಹೋದರೆ ಲೈನ್‌ಮನ್‌ಗೆ ಫೋನ್ ಮಾಡಿ ಜಗಳ ತೆಗೆಯುವವಳೂ ಅಕ್ಕನೇ. ಎಲ್ಲಿಗಾದರೂ ಕರೆದರೆ, "ಬರ್ತೇನಿ ಬರ್ತೇನಿ, ಈ ಬೀಮು ಒಂದು ಇಳೀಲಿ" ಅನ್ನುತ್ತಾಳೆ. ಬೀಮು ಅಂದರೆ ಮಗ್ಗಕ್ಕೆ ಸುತ್ತಿ ಏರಿಸಿದ ನೂಲು. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಏರಿರುತ್ತದೆ. ಅಕ್ಕ ಬರುವುದು ಹಾಗೇ ಉಳಿಯುತ್ತದೆ. ಮಗಳನ್ನು ಮುಂಬಯಿ ಹತ್ತಿರದ ಡೊಂಬಿವಲಿಗೆ ಕೊಟ್ಟು ವರ್ಷಗಳಾದವು. ಲಗ್ನವೂ ಬನಹಟ್ಟಿಯಲ್ಲೇ ಆಯಿತು, ಬಾಣಂತನವೂ ಬನಹಟ್ಟಿಯಲ್ಲೇ ಆಯಿತು. ಮಗಳ ಮನೆಯ ಬಾಗಿಲು ಯಾವ ಕಡೆಗಿದೆ ಅನ್ನುವುದು ಅಕ್ಕನಿಗೆ ಗೊತ್ತಿರಲಿಲ್ಲ.

ಅಂಥವಳು ಹೋದ ವರ್ಷ ಪಂಚಮಿ ಹಬ್ಬಕ್ಕೆ ಮುಧೋಳದ ನಮ್ಮ ಮನೆಗೆ ಬಂದಾಗ ನನ್ನ ಫೋನು ಕೈಗೆತ್ತಿಕೊಂಡಳು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಸ್ಟಾಫಿನವರೊಬ್ಬರು ಮುಂಬಯಿಯಿಂದ ಹಡಗು ಹತ್ತಿ ಲಕ್ಷದ್ವೀಪದ ತನಕ ಹೋಗಿಬಂದ ವಿಡಿಯೋ ಕಳಿಸಿದ್ದರು. ಹಡಗಿನ ಕಟಾಂಜನದ ಆಚೆ ನೀರೋ ನೀರು. ಅಕ್ಕ ಉಂಡಿ ಕಟ್ಟುತ್ತಿದ್ದ ಕೈ ಒರೆಸಿಕೊಂಡು ಅದನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು: "ನಮ್ಮಂಥಾವ್ರನ್ನೂ ಹತ್ತಿಸ್ಕೋತಾರೇನು ಅದರಾಗ?"

ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಬೇಕೆಂದದ್ದು ಇದೊಂದೇ. "ಯಾಕ ಹತ್ತಿಸ್ಕೊಳ್ಳೂದಿಲ್ಲ? ನಾ ಇದ್ದೇನಿ" ಅಂದೆ. ಅವಳು ಮನಸ್ಸು ಬದಲಿಸುವ ಮೊದಲು ಟಿಕೀಟು ತೆಗೆಸಿಬಿಟ್ಟೆ. ದೀಪಾವಳಿಗೆ ಮಗ್ಗ ನಿಲ್ಲಿಸಿರುತ್ತಾರೆ. ತುಳಸಿ ಲಗ್ನ ಆದ ಮೇಲೆ ಮದುವೆ ಸೀರೆಗಳ ಆರ್ಡರು ಶುರುವಾಗಿ ಉಸಿರಾಡಲು ಬಿಡುವುದಿಲ್ಲ. ಆ ನಡುವಿನ ಸಂದಿನಲ್ಲಿ ಹಡಗು ಹೊರಡುವುದಿತ್ತು. ಈ ಸಂದು ತಪ್ಪಿತೆಂದರೆ ಅಕ್ಕ ಮತ್ತೆ ಬೀಮಿನ ಹಿಂದೆ ಸೇರಿಕೊಳ್ಳುತ್ತಾಳೆ, ಆಮೇಲೆ ಜಪ್ಪಯ್ಯ ಅಂದರೂ ಹೊರಡುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಅಕ್ಕನ ತಯಾರಿಯೇ ಬೇರೆ. ನಮ್ಮ ತವರು ಚಿಕ್ಕಪಡಸಲಗಿ ಹತ್ತಿರದ ಹೊಳೆದಂಡೆಯ ಊರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅವ್ವ ರವಿಕೆಯ ಹಸಿರು ಖಣ, ಅಕ್ಕಿ, ಎಲೆ ಅಡಿಕೆ, ಅರಿಷಿಣ ಕುಂಕುಮ ತೆಗೆದುಕೊಂಡು ಹೋಗಿ ಅದಕ್ಕೆ ಉಡಿ ತುಂಬುತ್ತಿದ್ದಳು, ಬಸುರಿ ಹೆಣ್ಣುಮಗಳಿಗೆ ತುಂಬುವ ಹಾಗೆಯೇ. "ಹೊಳಿಗೆ ಖಣ ಸಾಕು, ಸಮುದ್ರಕ್ಕ ಖಣ ಸಾಲೂದಿಲ್ಲ" ಎಂದು ಅಕ್ಕ ತೀರ್ಮಾನಿಸಿದಳು. ಮಗ್ಗದ ಹತ್ತಿರ ತಾನೇ ನಿಂತು ಹಸಿರು ಒಡಲು, ಕೆಂಪು ಅಂಚಿನ ಸೀರೆಯೊಂದನ್ನು ನೇಯಿಸಿದಳು. "ಸಮುದ್ರಕ್ಕ ಎಷ್ಟು ಮೊಳದ್ದು ಬೇಕಾಗತೈತೋ ನೋಡ್ಕೋ" ಎಂದು ಅವಳ ಗಂಡ, ನಮ್ಮ ಮಾಮಾ, ಚೇಷ್ಟೆ ಮಾಡಿದ. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಡುವ ಎರಡು ದಿನ ಮೊದಲು ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂತು. ಅರಬ್ಬೀ ಸಮುದ್ರದ ನಡುವೆ ಬೆಳ್ಳಗಿನದೊಂದು ಚಕ್ರ ಗರಗರ ತಿರುಗುತ್ತಿತ್ತು, ಅದರ ಮುಂದೆ ನಿಂತು ಸುದ್ದಿ ಓದುವವಳು ಒಂದೇ ಸಮನೆ ಚೀರುತ್ತಿದ್ದಳು. ಹಡಗಿನ ಕಂಪನಿಯಿಂದಲೂ ಮೆಸೇಜು ಬಂತು: ಹವಾಮಾನ ಗಮನಿಸುತ್ತಿದ್ದೇವೆ, ಊರು ಬಿಡುವ ಮುನ್ನ ನಮಗೊಂದು ಫೋನ್ ಮಾಡಿ.

ನಾವು ಫೋನ್ ಮಾಡಿದೆವು. ಕಂಪನಿಗಲ್ಲ.

ಅದು ಯಾಕೆಂದು ಹೇಳಬೇಕಾದರೆ ನಮ್ಮ ಹೊಳೆಯ ಸ್ವಭಾವ ಹೇಳಬೇಕು. ನಮ್ಮಲ್ಲಿ ಮಳೆ ಬಂದರೆ ಕೃಷ್ಣೆ ಏರುವುದಿಲ್ಲ. ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಹೊಡೆದರೆ ಏರುತ್ತದೆ. ನೆತ್ತಿಯ ಮೇಲೆ ರಣಬಿಸಿಲು ಇದ್ದಾಗಲೇ ಕಬ್ಬಿನ ಹೊಲಕ್ಕೆ ನೀರು ನುಗ್ಗಿರುತ್ತದೆ. ಹಾಗಾಗಿ ಹೊಳೆಸಾಲಿನವರು ಆಕಾಶ ನೋಡಿ ಕೂರುವುದಿಲ್ಲ, ಟಿವಿಯವರನ್ನು ಪೂರ್ತಿ ನಂಬುವುದೂ ಇಲ್ಲ. ಹೊಳೆಯ ಮೇಲ್ದಂಡೆಯ ಸಾಂಗ್ಲಿಯಲ್ಲಿ ಯಾರಾದರೂ ಬೀಗರಿದ್ದರೆ ಅವರಿಗೆ ಫೋನ್ ಹಚ್ಚುತ್ತಾರೆ. ನಮ್ಮ ಅಪ್ಪ ಪ್ರತಿ ಮಳೆಗಾಲದಲ್ಲೂ ಅದನ್ನೇ ಮಾಡುತ್ತಿದ್ದ. "ಮ್ಯಾಲೆ ಹೆಂಗೈತ್ರಿ?" ಅಷ್ಟೇ ಪ್ರಶ್ನೆ. "ಬಿಸಿಲು ಬಿದ್ದೈತ್ರಿ" ಅಂದರೆ ಆರಾಮಾಗಿ ಮಲಗುತ್ತಿದ್ದ. "ನೀರು ಬಂತ್ರಿ" ಅಂದರೆ ಅವತ್ತೇ ಪಂಪಸೆಟ್ಟು ಎತ್ತಿಸಿ ದನಗಳನ್ನು ದಿಬ್ಬಕ್ಕೆ ಹೊಡೆಯುತ್ತಿದ್ದ. ಆ ಫೋನು ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ.

ಈಗಲೂ ಅಕ್ಕ ಅಪ್ಪನ ಹಾಗೆಯೇ ಫೋನು ಕಿವಿಗಿಟ್ಟುಕೊಂಡು ಮಗಳನ್ನು ಕೇಳಿದಳು, "ಅಲ್ಲಿ ಹೆಂಗೈತಿ?"

"ಅಯ್ಯ, ಬಿಸಿಲು ಹೊಡಿಯಾಕತ್ತೈತಿ, ಒಂದು ಹನಿ ಇಲ್ಲ" ಅಂದಳು ಮಗಳು. ಗಟ್ಟಿ ಮಾಡಿಕೊಳ್ಳಲೆಂದು ಸಾಂಗ್ಲಿಯ ಬೀಗರಿಗೂ ಹಚ್ಚಿದೆವು. ಅಲ್ಲೂ ಬಿಸಿಲು. ಮುಗಿಯಿತಲ್ಲ? ಮುಂಬಯಿಯಲ್ಲಿ ಬಿಸಿಲು, ಸಾಂಗ್ಲಿಯಲ್ಲಿ ಬಿಸಿಲು, ಇನ್ನು ಚಂಡಮಾರುತ ಎಲ್ಲಿಂದ ಬರಬೇಕು? ಟಿವಿಯವರಿಗೆ ಮಾಡಲು ಕೆಲಸವಿಲ್ಲ ಎಂದು ಬೈದು ಕಂಪನಿಯ ಮೆಸೇಜನ್ನು ಅಳಿಸಿಹಾಕಿದೆ. ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಹಾಲಿಂಗಪುರದ ಬೆಲ್ಲದ ಪೆಂಟಿ, ಎಲ್ಲದರ ತಳದಲ್ಲಿ ಹಳೇ ಧೋತರದಲ್ಲಿ ಸುತ್ತಿದ ಆ ಸೀರೆ. ಇಷ್ಟನ್ನೂ ಹೊತ್ತುಕೊಂಡು ಅಕ್ಕ ತಂಗಿ ಇಬ್ಬರೂ ಮುಂಬಯಿ ಬಸ್ಸು ಹತ್ತಿದೆವು. ಮಾಮಾ ಕಿಟಕಿಯ ಹತ್ತಿರ ಬಂದು, "ಹಡಗಿನ್ಯಾಗ ಯಾರ ಜೋಡಿನೂ ಜಗಳಾ ತಗೀಬ್ಯಾಡ, ಇಳದು ಬರಾಕ ದಾರಿ ಇರೂದಿಲ್ಲ" ಅಂದ. ಅದು ನನಗೆ ಹೇಳಿದ್ದು. ನನ್ನ ಸಿಟ್ಟು ಬಳಗಕ್ಕೆಲ್ಲ ಪರಿಚಿತ.

ಮಗಳ ಮನೆಯಲ್ಲಿ ಸ್ನಾನ ಊಟ ಮುಗಿಸಿ ಮಧ್ಯಾಹ್ನ ಲೋಕಲ್ ಹಿಡಿದು ಬಂದರಿಗೆ ಹೋದೆವು. ಬಿಸಿಲು ಹಾಗೇ ಇತ್ತು. ಸಮುದ್ರ ಹಿತ್ತಲಲ್ಲಿ ಮಲಗಿದ ಎಮ್ಮೆಯ ಹಾಗೆ ಅಲುಗಾಡದೆ ಬಿದ್ದಿತ್ತು. ಆದರೆ ಹಡಗು ಇರಲಿಲ್ಲ. ನಮ್ಮ ಹಾಗೆ ಕೆಲವರು ಪೆಟ್ಟಿಗೆಗಳ ಮೇಲೆ ಕುಳಿತಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಹಿಂದಿಯಲ್ಲಿ ಹೇಳಿದಳು, "ಯಾನ ರದ್ದಾಗಿದೆ ಮ್ಯಾಡಂ, ಮುಂಜಾನೆಯೇ ಎಲ್ಲರಿಗೂ ಮೆಸೇಜು ಹೋಗಿದೆ." ನೋಡಿದರೆ ಬಂದಿತ್ತು. ನಾನು ಆಗ ಬ್ಯಾಗಿನ ತಳದಲ್ಲಿ ಫೋನಿಟ್ಟು ರೊಟ್ಟಿ ಮುರಿಯದ ಹಾಗೆ ಕಾಯುವುದರಲ್ಲಿದ್ದೆ.

ನನ್ನ ತಲೆ ಕೆಟ್ಟಿತು. "ಎಲ್ಲೈತಿ ನಿಮ್ಮ ಚಂಡಮಾರುತ? ತೋರಿಸು! ಬಿಸಿಲು ಕಣ್ಣು ಕುಕ್ಕತೈತಿ, ನೀರು ಸುಮ್ಮ ನಿಂತೈತಿ" ಎಂದು ಕನ್ನಡ, ಹಿಂದಿ, ಮರಾಠಿ ಮೂರನ್ನೂ ಕಲಸಿ ಕೂಗಾಡಿದೆ. ಪಾಪ, ಆ ಹುಡುಗಿ ಒಳ್ಳೆಯವಳು. ತನ್ನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ನಕಾಶೆ ತೋರಿಸಿದಳು. ಟಿವಿಯಲ್ಲಿ ಕಂಡ ಅದೇ ಚಕ್ರ ದಂಡೆಯಿಂದ ಬಹಳ ದೂರದಲ್ಲಿತ್ತು. ಹಡಗು ಹೋಗುವ ದಾರಿಯ ಗೆರೆ ನೆಟ್ಟಗೆ ಅದರ ಹೊಟ್ಟೆಯೊಳಗೇ ಹಾದಿತ್ತು. ಇಲ್ಲಿ ಏನೂ ಆಗದಿರಬಹುದು, ಆದರೆ ನೀವು ಇಲ್ಲಿ ಇರುತ್ತಿರಲಿಲ್ಲವಲ್ಲ, ಅಂದಳು.

ನಾನು ಇನ್ನೂ ಏನೋ ಅನ್ನುವವಳಿದ್ದೆ. ಅಕ್ಕ ನನ್ನ ತೋಳು ಹಿಡಿದಳು. ಆ ಗೆರೆಯನ್ನೇ ನೋಡುತ್ತ ಅಂದಳು: "ಲೇ, ಆಕಿ ಹೇಳೂದು ಖರೆ ಐತಿ. ನಮ್ಮ ಹೊಳಿ ನಮ್ಮ ಕಡೆ ಬರತೈತಿ. ಇಲ್ಲಿ ನಾವ ಅದರ ಕಡೆ ಹೋಗಾಕತ್ತಿದ್ವಿ. ಮ್ಯಾಲೆ ಹೆಂಗೈತಿ ಅಂತ ಕೇಳಿದ್ವಿ, ಒಳಗ ಹೆಂಗೈತಿ ಅಂತ ಕೇಳಬೇಕಿತ್ತು."

ಹುಡುಗಿ ಮುಂದಿನದನ್ನು ವಿವರಿಸಿದಳು: ಟಿಕೀಟಿನ ದುಡ್ಡು ವಾಪಸ್ಸು ಬೇಕಾದರೆ ವಾಪಸ್ಸು, ಇಲ್ಲವೇ ಬೇಸಿಗೆಯೊಳಗೆ ಬೇರೆ ತಾರೀಖು, ಎರಡು ವಾರದಲ್ಲಿ ತಿಳಿಸಿದರೆ ಸಾಕು. ನಾನು ಅಕ್ಕನ ಮುಖ ನೋಡಿದೆ. ಅವಳು ಆಗಲೇ ಗಂಟು ಎತ್ತಿಕೊಂಡಿದ್ದಳು. ಉಡಿ ತುಂಬಲೆಂದು ದಂಡೆಯ ಕಡೆ ಹೋದರೆ ಅಲ್ಲಿ ಪೊಲೀಸರು ಯಾರನ್ನೂ ನೀರಿನ ಹತ್ತಿರ ಬಿಡುತ್ತಿರಲಿಲ್ಲ. ಅಕ್ಕ ಸೀರೆಯನ್ನು ಮತ್ತೆ ಧೋತರದಲ್ಲಿ ಸುತ್ತಿದಳು. ಆ ಸುತ್ತುವ ಕೈ ನೋಡಿ ನನಗೆ ಅಳು ಬಂತು. ಮುಗಿಯಿತು, ಇವಳು ಇನ್ನೆಂದೂ ಹೊರಡುವುದಿಲ್ಲ ಅನ್ನಿಸಿತು.

ಮರುದಿನ ಡೊಂಬಿವಲಿಯಲ್ಲಿ ಗಾಳಿ ಎದ್ದು ಮೋಡ ಕವಿಯಿತು, ಜಿಟಿಜಿಟಿ ಮಳೆ ಹತ್ತಿತು. ಊರಿಗೆ ಮರಳುವ ಬಸ್ಸಿನ ಟಿಕೀಟು ಹಡಗಿನಿಂದ ಇಳಿಯಬೇಕಿದ್ದ ದಿನಕ್ಕೆ ಇತ್ತು. ಅಲ್ಲಿಯ ತನಕ ಅಕ್ಕ ಮಗಳ ಮನೆಯಲ್ಲಿ ಇರಲೇಬೇಕಾಯಿತು. ಮೊದಲ ದಿನ ಪರರ ಮನೆಗೆ ಬಂದವಳಂತೆ ಕುರ್ಚಿಯ ತುದಿಯಲ್ಲಿ ಕುಳಿತಳು. ಎರಡನೆಯ ದಿನ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿ ಮಗಳ ಕಡೆಯಿಂದ ಬೈಸಿಕೊಂಡಳು. ಮೊಮ್ಮಗನಿಗೆ ಎಣ್ಣೆ ಹಚ್ಚಿ ಎರೆದಳು. ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿ ಬರುವ ಚಟ ಹತ್ತಿಸಿಕೊಂಡಳು. ಎದುರು ಮನೆಯ ಮರಾಠಿ ಹೆಣ್ಣುಮಕ್ಕಳು ರೊಟ್ಟಿಯ ರುಚಿ ನೋಡಲು ಬಂದವರು ಅಕ್ಕನ ಬನಹಟ್ಟಿ ಮರಾಠಿ ಕೇಳಿ ಬಿದ್ದು ಬಿದ್ದು ನಕ್ಕರು, ಮರುದಿನ ತಮ್ಮ ಅತ್ತೆಯರನ್ನೂ ಕರೆದುಕೊಂಡು ಬಂದರು. ಹಡಗಿಗೆಂದು ಕಟ್ಟಿದ ಗಂಟು ಆ ಕಟ್ಟಡದಲ್ಲೇ ಖಾಲಿಯಾಯಿತು.

ಅಕ್ಕ ದಿನಾ ಸಂಜೆ ಮಾಮಾನಿಗೆ ಫೋನ್ ಮಾಡುತ್ತಿದ್ದಳು. ಮಗ್ಗಗಳು ಮತ್ತೆ ಶುರುವಾಗಿದ್ದವು. "ಎಲ್ಲಾ ಛಲೋ ನಡದಾವ, ನೀ ನಿಶ್ಚಿಂತಿ ಇರು. ನಾಕ್ ದಿನಾ ಜಾಸ್ತಿ ಇದ್ದು ಬಾ" ಎಂದ ಮಾಮಾ. ಅಕ್ಕ ಫೋನಿಟ್ಟಳು. "ನಾ ಇಲ್ಲದನೂ ನಡೀತಾವಂತ" ಅಂದಳು. ಅದು ಬೇಸರವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

ಊರಿಗೆ ಬಂದ ಮೇಲೆ ನಾನು ಶಾಲೆ, ಅವಳು ಶೆಡ್ಡು. ಕಂಪನಿಗೆ ಉತ್ತರ ಕೊಡುವ ಗಡುವು ಬಂತು. ದುಡ್ಡು ವಾಪಸ್ಸು ಎಂದು ಬರೆದು ಕಳಿಸುವ ಮೊದಲು ಒಮ್ಮೆ ಕೇಳಿದ ಶಾಸ್ತ್ರವಾಗಲಿ ಎಂದು ಭಾನುವಾರ ಬನಹಟ್ಟಿಗೆ ಹೋದೆ. ಅಕ್ಕ ಮಗ್ಗದ ಮುಂದೆ ಹರಿದ ನೂಲಿಗೆ ಗಂಟು ಹಾಕುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಡೊಂಬಿವಲಿಯಿಂದ ಅವಳ ಮಗಳು.

"ಚಿಗವ್ವಾ, ಅವ್ವ ಆ ಹಸರ ಸೀರಿ ಇಲ್ಲೇ ಮರತು ಹೋಗ್ಯಾಳ. ಕಪಾಟಿನ್ಯಾಗ ನನ್ನ ಸೀರಿ ತಳಕ್ಕ ಐತಿ."

ನನಗೆ ಸಿಟ್ಟು ಬಂತು. ಸಮುದ್ರವೂ ಸಿಗಲಿಲ್ಲ, ಇಷ್ಟು ಅಕ್ಕರೆಯಿಂದ ನೇಯಿಸಿದ ಸೀರೆಯನ್ನೂ ಬಿಟ್ಟು ಬಂದಿದ್ದಾಳೆ. ಉಳಿದ ಮಗ್ಗಗಳ ಸದ್ದಿನಲ್ಲಿ ಕೂಗಿಯೇ ಹೇಳಿದೆ, "ನಾಳಿಗೆ ಕೊರಿಯರ್ ಮಾಡವಾ, ಇಲ್ಲಾಂದ್ರ ಅಲ್ಲೇ ಹಳೇದಾಗತೈತಿ."

ಅಕ್ಕ ನೂಲು ಬಿಟ್ಟು ಬಂದವಳೇ ಫೋನು ಕಸಿದುಕೊಂಡಳು. "ಕಳಿಸಬ್ಯಾಡ. ಅಲ್ಲೇ ಇರಲಿ ಅದು, ಜ್ವಾಕಿ" ಎಂದು ಕಟ್ ಮಾಡಿದಳು.

"ಯಾಕ ಬೇ? ಮರತು ಬಂದೀ ಅಂತ ಆಕಿ ಹೇಳಾಕತ್ತಾಳ, ನೀ ನೋಡಿದ್ರ..."

ನೂಲು ಹರಿದ ಮಗ್ಗ ನಿಂತೇ ಇತ್ತು. ಅದನ್ನು ಶುರು ಮಾಡುವ ಅವಸರ ಅವಳಿಗೆ ಇದ್ದಂತೆ ಕಾಣಲಿಲ್ಲ. ಸೆರಗಿನಿಂದ ಕೈಯ ನೂಲಿನ ಪುಡಿ ಒರೆಸಿಕೊಂಡು ಫೋನನ್ನು ನನ್ನ ಕೈಗಿಟ್ಟಳು.

"ಆ ಹಡಗಿನ ಹುಡುಗಿಗೆ ತಾರೀಖು ಕೇಳು. ಈ ಸಲ ಒಳಗ ಹೆಂಗೈತಿ ಅಂತನೂ ಕೇಳು" ಅಂದಳು. "ಸೀರಿ ಮರತಿಲ್ಲ ಲೇ, ಇಟ್ಟು ಬಂದೇನಿ."